ಡಾಕ್ಟರ್ ಆಗಬೇಕೆನ್ನುವ ಉತ್ತರ ಕನ್ನಡದ ವಿದ್ಯಾರ್ಥಿಗೆ: ಪಿಯು ಸೇರುವ ಮೊದಲಿನಿಂದ ಸೀಟು ಸಿಗುವವರೆಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಪಿಯು ಪ್ರವೇಶ ಮುಗಿಯುವ ತನಕ ಶಿರಸಿ, ಕುಮಟಾ, ಕಾರವಾರ ಕಡೆಯ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಗಳಿಗೆ ಡಾಕ್ಟರ್ ಆಗುವ ಆಸೆಯಿದೆ, ಯಾವ ಕಾಲೇಜಿಗೆ ಸೇರಿಸಬೇಕು? ಕೋಚಿಂಗ್‌ಗಾಗಿ ಊರು ಬಿಟ್ಟು ದಕ್ಷಿಣ ಕನ್ನಡಕ್ಕೋ ಹುಬ್ಬಳ್ಳಿಗೋ ಕಳಿಸಲೇಬೇಕೇ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೀಟ್ ಕೈಗೆಟುಕುತ್ತದೆಯೇ? ಈ ಲೇಖನವನ್ನು ಆ ಪ್ರಶ್ನೆಗಳಿಗಾಗಿಯೇ ಬರೆಯಲಾಗಿದೆ. ನೀಟ್ ಎಂದರೆ ಎಂಬಿಬಿಎಸ್ ಮತ್ತು ಅದರ ಜೊತೆಗಿನ ಕೆಲವು ಪದವಿಗಳ ಪ್ರವೇಶಕ್ಕೆ ದೇಶದಾದ್ಯಂತ ನಡೆಯುವ ಒಂದೇ ಅರ್ಹತಾ ಪರೀಕ್ಷೆ; ಅದನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ನಡೆಸುತ್ತದೆ. ನಿಯಮಗಳ ಸಣ್ಣಪುಟ್ಟ ವಿವರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಇಲ್ಲಿ ಹೇಳಿದ್ದನ್ನು ನಿಮ್ಮ ವರ್ಷದ ಮಾಹಿತಿ ಪುಸ್ತಿಕೆಯ ಜೊತೆ ಒಮ್ಮೆ ಹೋಲಿಸಿ ನೋಡಿಕೊಳ್ಳಬೇಕು.

1. ಮೊದಲು ಕಾರಣ, ಆಮೇಲೆ ಕಾಲೇಜು

ಅಮೆರಿಕದಂಥ ದೇಶಗಳಲ್ಲಿ ವೈದ್ಯಕೀಯ ಕಾಲೇಜು ಸೇರುವವರು ತಮಗೆ ಈ ವೃತ್ತಿ ಏಕೆ ಬೇಕು ಎಂದು ಬರೆದುಕೊಡಬೇಕು, ಸಂದರ್ಶನದಲ್ಲಿ ವಿವರಿಸಬೇಕು. ನಮ್ಮಲ್ಲಿ ಎಂಬಿಬಿಎಸ್ ಪ್ರವೇಶಕ್ಕೆ ಸಂದರ್ಶನವೂ ಇಲ್ಲ, ಅಂಥ ಬರಹವೂ ಇಲ್ಲ. ನೀಟ್ ಅಂಕ, ಅದರಿಂದ ಬರುವ ರ‍್ಯಾಂಕ್, ಮೀಸಲಾತಿ ಇಷ್ಟೇ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ‘ಏಕೆ’ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗೆ ಎಲ್ಲಿಯೂ ಯಾರೂ ಕೇಳುವುದಿಲ್ಲ. ಕೇಳದೆ ಹೋದ ಆ ಪ್ರಶ್ನೆಯೇ ಎರಡನೇ ಪಿಯುವಿನ ಡಿಸೆಂಬರ್‌ನಲ್ಲಿಯೋ, ಮೊದಲ ಸಲ ನೀಟ್ ಕೈತಪ್ಪಿದ ಜೂನ್‌ನಲ್ಲಿಯೋ ಎದುರಿಗೆ ಬಂದು ನಿಲ್ಲುತ್ತದೆ.

ಕಾರಣ ಹುಡುಕುವ ಮೊದಲು ಅವಧಿಯನ್ನು ತಿಳಿದುಕೊಳ್ಳಿ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷದ್ದು. ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಅಂದರೆ ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಮಾಡುವ ಕಡ್ಡಾಯ ಕೆಲಸ. ತಜ್ಞರಾಗಬೇಕೆಂದರೆ ಮತ್ತೊಂದು ಪ್ರವೇಶ ಪರೀಕ್ಷೆ, ಎಂಡಿ ಅಥವಾ ಎಂಎಸ್‌ಗೆ ಮತ್ತೆ ಮೂರು ವರ್ಷ. ಎಲ್ಲೂ ಒಂದು ವರ್ಷವೂ ವ್ಯರ್ಥವಾಗದೆ ನಡೆದರೂ, ಹದಿನೆಂಟಕ್ಕೆ ಸೇರಿದವರು ತಜ್ಞರಾಗುವ ಹೊತ್ತಿಗೆ ಇಪ್ಪತ್ತಾರೂವರೆ ಆಗಿರುತ್ತದೆ. ಇಂಜಿನಿಯರಿಂಗ್‌ಗೆ ಹೋದ ಸಹಪಾಠಿ ಅಷ್ಟರಲ್ಲಿ ನಾಲ್ಕೈದು ವರ್ಷದ ಸಂಬಳ ಕಂಡಿರುತ್ತಾನೆ. ಮನೆಯವರೊಂದಿಗೆ ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಜಿಲ್ಲೆಯ ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಬರುವ ಕಾರಣ ಒಂದಿದೆ. ಗಂಭೀರ ಕಾಯಿಲೆಯಾದರೆ, ಅಪಘಾತವಾದರೆ, ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಒಯ್ಯಬೇಕಾಗಿ ಬರುವುದನ್ನು ಇಲ್ಲಿ ಪ್ರತಿ ಮನೆಯೂ ಕಂಡಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜಿಲ್ಲೆಯಾದ್ಯಂತ ಎದ್ದದ್ದೂ ಇದೇ ನೋವಿನಿಂದ. ಇದು ಪ್ರಾಮಾಣಿಕವಾದ ಕಾರಣವೇ, ಸಂಶಯವಿಲ್ಲ. ಆದರೆ ಇಲ್ಲಿಗೇ ನಿಲ್ಲಬೇಡಿ. ಆಸ್ಪತ್ರೆಯಿಲ್ಲ ಎಂಬ ಸಿಟ್ಟು ನಿಮ್ಮನ್ನು ವೈದ್ಯರನ್ನಾಗಿಸುವಂತೆಯೇ ನರ್ಸ್, ಆರೋಗ್ಯ ಇಲಾಖೆಯ ಅಧಿಕಾರಿ ಅಥವಾ ಪತ್ರಕರ್ತರನ್ನಾಗಿಯೂ ಮಾಡಬಹುದು. ರೋಗಿಯ ಪಕ್ಕದಲ್ಲಿ ನಿಂತು, ಅರ್ಧಂಬರ್ಧ ಮಾಹಿತಿಯಲ್ಲಿಯೇ ನಿರ್ಧಾರ ತೆಗೆದುಕೊಳ್ಳುವ ಕೆಲಸ ನಿಮಗೆ ಬೇಕೇ ಎಂಬುದು ಪ್ರತ್ಯೇಕವಾದ ಪ್ರಶ್ನೆ.

ಅದನ್ನು ಪರೀಕ್ಷಿಸಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಹತ್ತನೇ ತರಗತಿಯ ರಜೆಯಲ್ಲಿ ತಂದೆ, ತಾಯಿ ಅಥವಾ ಶಿಕ್ಷಕರೊಡನೆ ಹೋಗಿ, ಅಲ್ಲಿಯ ವೈದ್ಯಾಧಿಕಾರಿಗಳ ಅನುಮತಿ ಕೇಳಿ, ಕೆಲವು ದಿನ ಹೊರರೋಗಿ ವಿಭಾಗದ ಕೆಲಸವನ್ನು ದೂರದಿಂದ ನೋಡಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗರ್ಭಿಣಿಯರ ನೋಂದಣಿ, ಲಸಿಕೆ, ಕ್ಷಯರೋಗಿಗಳ ಔಷಧ ಇವೆಲ್ಲ ಹೇಗೆ ನಡೆಯುತ್ತವೆಂದು ವಿವರಿಸುತ್ತಾರೆ. ಸಿದ್ದಾಪುರ, ಶಿರಸಿ ಭಾಗದವರಾದರೆ ಮಂಗನ ಕಾಯಿಲೆಯ ವಿಷಯ ಕೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣ್ಣೆಯ ಕಡಿತದಿಂದ ಹರಡುವ ಈ ಜ್ವರದ ಎದುರು ಆಸ್ಪತ್ರೆಯ ಹಾಸಿಗೆಗಿಂತ ಹೆಚ್ಚು ಕೆಲಸ ನಡೆಯುವುದು ಕಾಡಂಚಿನ ಮನೆಗಳಲ್ಲಿ: ಸತ್ತ ಮಂಗದ ಸುದ್ದಿ ಸಂಗ್ರಹಿಸುವುದು, ಸೊಪ್ಪು ತರಲು ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಲು ತೈಲ ಕೊಡುವುದು, ಜ್ವರ ಬಂದವರ ರಕ್ತದ ಮಾದರಿ ಕಳಿಸುವುದು. ವೈದ್ಯವೃತ್ತಿಯ ಬಹುಪಾಲು ಇಂಥ ಸದ್ದಿಲ್ಲದ ಕೆಲಸ. ಅದನ್ನು ನೋಡಿದ ಮೇಲೂ ಆಸಕ್ತಿ ಉಳಿದರೆ ಅದು ಗಟ್ಟಿಯಾದದ್ದು.

ಇಲ್ಲಿ ಎಚ್ಚರಿಕೆಯ ಒಂದು ಮಾತು. ರೋಗಿಗಳ ಹೆಸರು, ಕಾಯಿಲೆ, ಚೀಟಿ ಇವು ಅವರ ಖಾಸಗಿ ಸಂಗತಿಗಳು. ಫೋಟೋ ತೆಗೆಯುವುದು, ಸ್ಟೇಟಸ್‌ಗೆ ಹಾಕುವುದು, ಮನೆಗೆ ಬಂದು ‘ಇಂಥವರ ಮನೆಯವರಿಗೆ ಹೀಗಂತೆ’ ಎನ್ನುವುದು ಕೂಡದು.

ಇಷ್ಟಾದ ಮೇಲೆ, ನಿಮ್ಮ ಕಾರಣವನ್ನು ಒಂದು ಪುಟದಲ್ಲಿ ಸ್ವಂತ ಕೈಯಿಂದ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಯಾರಿಗೂ ತೋರಿಸಬೇಕಿಲ್ಲ. ಮುಂದೆ ಆರು ಮತ್ತು ಏಳನೇ ಹಂತಗಳಲ್ಲಿ ಆ ಪುಟ ಬೇಕಾಗುತ್ತದೆ.

2. ಪಿಯು ಸಂಯೋಜನೆ ಮತ್ತು ಕನಿಷ್ಠ ಅರ್ಹತೆ

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು, ಪ್ರತಿಯೊಂದರಲ್ಲೂ ಪಾಸಾಗಿರಬೇಕು. ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಸೇರಿ ಸಾಮಾನ್ಯ ವರ್ಗಕ್ಕೆ ಶೇಕಡಾ 50, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ ಶೇಕಡಾ 40 ಅಂಕ ಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗಣಿತ ಕಡ್ಡಾಯವಲ್ಲ, ಆದರೂ ಪಿಸಿಎಂಬಿ, ಅಂದರೆ ಈ ಮೂರು ವಿಜ್ಞಾನಗಳ ಜೊತೆ ಗಣಿತವನ್ನೂ, ತೆಗೆದುಕೊಂಡರೆ ಭೌತಶಾಸ್ತ್ರಕ್ಕೆ ಆಸರೆಯಾಗುತ್ತದೆ, ಬೇರೆ ದಾರಿಗಳೂ ತೆರೆದಿರುತ್ತವೆ.

ಕಾಲೇಜನ್ನು ಆರಿಸುವಾಗ ಕಟ್ಟಡವನ್ನೂ ಹೋರ್ಡಿಂಗ್‌ನಲ್ಲಿರುವ ರ‍್ಯಾಂಕಿನ ಮುಖಗಳನ್ನೂ ನೋಡುವ ಬದಲು ಎರಡು ಪ್ರಶ್ನೆ ಕೇಳಿ. ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ? ಮಗು ದಿನಕ್ಕೆ ಎಷ್ಟು ಹೊತ್ತು ಬಸ್ಸಿನಲ್ಲಿ ಕಳೆಯಬೇಕಾಗುತ್ತದೆ? ಹಳ್ಳಿಯಿಂದ ಶಿರಸಿಗೋ ಕುಮಟೆಗೋ ದಿನವೂ ಮೂರು ತಾಸು ಓಡಾಡುವ ವಿದ್ಯಾರ್ಥಿಗೆ, ಹಾಸ್ಟೆಲ್ ಅಥವಾ ನೆಂಟರ ಮನೆಯ ವ್ಯವಸ್ಥೆ ಯಾವ ಕೋಚಿಂಗ್‌ಗಿಂತಲೂ ಹೆಚ್ಚಿನ ಸಹಾಯ ಮಾಡಬಹುದು.

3. ದಾಖಲೆಗಳನ್ನು ಮೊದಲ ಪಿಯುವಿನಲ್ಲೇ ಮಾಡಿಸಿಡಿ

ಒಳ್ಳೆಯ ರ‍್ಯಾಂಕ್ ಬಂದೂ ತನಗೆ ಸಲ್ಲಬೇಕಾದ ಮೀಸಲಾತಿಯನ್ನು ಕಾಗದ ಸರಿಯಿಲ್ಲದ್ದರಿಂದ ಕಳೆದುಕೊಳ್ಳುವುದು ಈ ದಾರಿಯಲ್ಲಿ ಅತ್ಯಂತ ಬೇಸರದ ನಷ್ಟ. ಆದ್ದರಿಂದ ಈ ಹಂತವನ್ನು ಸ್ವಲ್ಪ ಉದ್ದವಾಗಿಯೇ ವಿವರಿಸಬೇಕಾಗಿದೆ.

ರಾಜ್ಯದ ಕೋಟಾದಡಿ ಸೀಟು ಪಡೆಯಲು ಸಾಮಾನ್ಯವಾಗಿ ಬಳಕೆಯಾಗುವ ನಿಯಮವೆಂದರೆ, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ಪೂರ್ಣ ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಪರೀಕ್ಷೆಗಳಲ್ಲಿ ಒಂದನ್ನಾದರೂ ಇಲ್ಲಿ ಪಾಸು ಮಾಡಿರಬೇಕು. ಕಾರವಾರದ ಗಡಿ ಭಾಗದಿಂದ ಗೋವಾದ ಶಾಲೆಗಳಿಗೆ ಹೋದ ಮಕ್ಕಳು ಈ ವರ್ಷಗಳ ಲೆಕ್ಕವನ್ನು ಈಗಲೇ ಹಾಕಿಕೊಳ್ಳಬೇಕು.

ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮ ಮೀಸಲಾತಿ ಶೇಕಡಾ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದು ಆಧಾರ. ಗ್ರಾಮೀಣ ಎಂದರೆ ಶಾಲೆ ಇರುವ ಸ್ಥಳ, ನಿಮ್ಮ ಮನೆ ಇರುವ ಸ್ಥಳವಲ್ಲ. ಊರಿನ ಶಾಲೆಯಲ್ಲಿ ಏಳರವರೆಗೆ ಓದಿ ಪ್ರೌಢಶಾಲೆಗೆ ಶಿರಸಿ ಅಥವಾ ಕಾರವಾರದ ನಗರಸಭೆ ವ್ಯಾಪ್ತಿಗೆ ಬಂದವರಿಗೆ ಇದು ಸಿಗುವುದಿಲ್ಲ. ಪಟ್ಟಣ ಪಂಚಾಯತ್, ಪುರಸಭೆ ವ್ಯಾಪ್ತಿಯ ಶಾಲೆಗಳೂ ಗ್ರಾಮೀಣವಲ್ಲ. ನಿಗದಿತ ನಮೂನೆಯಲ್ಲಿ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಅವರ, ಮೇಲುಸಹಿ ಎರಡೂ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪ್ರತ್ಯೇಕ ಪ್ರಮಾಣಪತ್ರ ಪಡೆಯಬೇಕು. ಮಕ್ಕಳ ಸಂಖ್ಯೆ ಕುಸಿದು ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಅಂಥಲ್ಲಿ ಓದಿದವರು ದಾಖಲಾತಿ ಪುಸ್ತಕ ಈಗ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಬೇಗನೆ ವಿಚಾರಿಸಿಕೊಳ್ಳುವುದು ಕ್ಷೇಮ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸುವಾಗ ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಗುರುತಿಸಿಟ್ಟುಕೊಳ್ಳಿ. ಅರ್ಜಿಯಲ್ಲಿ ಪರಿಶೀಲನೆ ನಡೆಯುವುದು ಆ ಸಂಖ್ಯೆಯಿಂದ. ರಾಜ್ಯದ ಪ್ರವರ್ಗಗಳ ಪಟ್ಟಿಯೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ ಎಂಬುದು ಅನೇಕರಿಗೆ ನೀಟ್ ಅರ್ಜಿ ತುಂಬುವ ದಿನವೇ ಗೊತ್ತಾಗುತ್ತದೆ. ಅಖಿಲ ಭಾರತ ಕೋಟಾದಲ್ಲಿ ಒಬಿಸಿ ಅಥವಾ ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿ ಕೇಳುವವರಿಗೆ ಕೇಂದ್ರದ ನಮೂನೆಯ, ಇತ್ತೀಚಿನ ಪ್ರಮಾಣಪತ್ರ ಬೇರೆಯೇ ಬೇಕು.

ಇನ್ನು ಹೆಸರಿನ ತೊಡಕು. ನಮ್ಮ ಜಿಲ್ಲೆಯಲ್ಲಿ ಇದು ತಪ್ಪಿದ್ದಲ್ಲ. ಆಧಾರ್‌ನಲ್ಲಿ ನಾಯಕ, ಅಂಕಪಟ್ಟಿಯಲ್ಲಿ ನಾಯ್ಕ. ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ತಂದೆಯ ಹೆಸರು ಒಂದರಲ್ಲಿ ಪೂರ್ಣ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷ್ ಕಾಗುಣಿತವನ್ನೇ ಮೂಲವೆಂದಿಟ್ಟುಕೊಂಡು ಆಧಾರ್ ಮತ್ತು ಉಳಿದೆಲ್ಲವನ್ನೂ ಅದಕ್ಕೆ ಸರಿಹೊಂದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ತಡಮಾಡಬೇಡಿ.

4. ಓದು

2025ರಿಂದ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಹೇಳುತ್ತಿದ್ದರು. ಈಗ ಆ ಆಯ್ಕೆ ಇಲ್ಲ. ಆ ವರ್ಷಗಳ ಪತ್ರಿಕೆಗಳಿಂದ ಅಭ್ಯಾಸ ಮಾಡುವವರು ಸಮಯವನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡಿಕೊಳ್ಳಬೇಕು.

ಅರ್ಧದಷ್ಟು ಅಂಕ, ಅಂದರೆ 360, ಜೀವಶಾಸ್ತ್ರದ್ದು. ಅಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ, ಮತ್ತು ನಮ್ಮ ಪಿಯು ವಿಜ್ಞಾನಕ್ಕೆ ಇರುವುದೂ ಅದೇ ಪಠ್ಯ. ಪುಸ್ತಕದ ಸಾಲು, ಚಿತ್ರದ ಕೆಳಗಿನ ಟಿಪ್ಪಣಿ, ಕೋಷ್ಟಕ ಯಾವುದನ್ನೂ ಬಿಡದೆ ಓದಿ, ಮುಚ್ಚಿ, ನೆನಪಿನಿಂದ ಬರೆಯಬೇಕು. ಹೊಸ ಹೊಸ ಗೈಡುಗಳನ್ನು ಕೊಳ್ಳುವುದು ಓದಿದಂತೆ ಅನ್ನಿಸುವ ಖರ್ಚು. ಪಠ್ಯಕ್ರಮ ಇತ್ತೀಚಿನ ವರ್ಷಗಳಲ್ಲಿ ಬದಲಾಗಿರುವುದರಿಂದ ಹಿರಿಯರಿಂದ ಬಂದ ಹಳೆಯ ಟಿಪ್ಪಣಿಗಳನ್ನು ನೆಚ್ಚುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿದ ಪಠ್ಯಕ್ರಮದೊಡನೆ ತಾಳೆ ನೋಡಿ.

ಗ್ರಾಮೀಣ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ, ಅದಕ್ಕೆ ಕಾರಣ ಬಹುಪಾಲು ಗಣಿತ. ತ್ರಿಕೋನಮಿತಿ, ಲಾಗರಿದಮ್, ನಕ್ಷೆ ಓದುವುದು, ಸರಳ ಡಿಫರೆನ್ಷಿಯೇಷನ್ ಇಷ್ಟನ್ನು ಮೊದಲ ಪಿಯುವಿನ ಜೂನ್, ಜುಲೈಯಲ್ಲೇ ಕೂತು ಕಲಿತರೆ ಮುಂದಿನ ಎರಡು ವರ್ಷ ಹಗುರಾಗುತ್ತವೆ. ಇದನ್ನು ಬಿಟ್ಟು ಸೂತ್ರ ಬಾಯಿಪಾಠ ಮಾಡಿದವರು ಚಲನಶಾಸ್ತ್ರದ ಮೂರನೇ ಅಧ್ಯಾಯದಲ್ಲೇ ಸುಸ್ತಾಗುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ನಾಲ್ಕೈದು ತಿಂಗಳು ಕಷ್ಟದವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪ್ರತಿ ಅಧ್ಯಾಯದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಬರೆದ ನೋಟ್‌ಬುಕ್ ಇಟ್ಟುಕೊಳ್ಳಿ. ಪರಿಕಲ್ಪನೆ ನಿಮಗೆ ಆಗಲೇ ಗೊತ್ತಿರುತ್ತದೆ, ಕಲಿಯಬೇಕಾದದ್ದು ಹೆಸರು ಮಾತ್ರ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು; ಆಗ ಪ್ರಶ್ನೆಪತ್ರಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ನನ್ನ ಅಭಿಪ್ರಾಯದಲ್ಲಿ, ಎರಡು ವರ್ಷ ಇಂಗ್ಲಿಷ್‌ನಲ್ಲಿ ಪಾಠ ಕೇಳಿದವರು ಅಭ್ಯಾಸವನ್ನು ಇಂಗ್ಲಿಷ್‌ನಲ್ಲೇ ಮಾಡಿ, ಆಸರೆಗಾಗಿ ಕನ್ನಡ ಪತ್ರಿಕೆಯನ್ನು ಆರಿಸಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಊಹೆಯ ಉತ್ತರದ ಬಗ್ಗೆ ಎರಡು ಬಗೆಯ ಉಪದೇಶ ಕೇಳಿಬರುತ್ತದೆ. ಲೆಕ್ಕ ಹೀಗಿದೆ: ನಾಲ್ಕೂ ಆಯ್ಕೆಗಳ ನಡುವೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಪ್ರಶ್ನೆಗೆ ಕಾಲು ಅಂಕ, ಅದೂ ಅದೃಷ್ಟದ ಏರಿಳಿತದಲ್ಲಿ ಮುಳುಗಿ ಹೋಗುವಂಥದ್ದು. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಸರಾಸರಿ ಲಾಭ ಒಂದೂವರೆ ಅಂಕಕ್ಕೆ ಏರುತ್ತದೆ. ಹೀಗಾಗಿ ಎರಡನ್ನು ತಳ್ಳಿಹಾಕಿದಲ್ಲಿ ಬರೆಯಿರಿ, ಏನೂ ಗೊತ್ತಿಲ್ಲದಲ್ಲಿ ಬಿಡಿ.

ಕೋಚಿಂಗ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಮಗುವಿನ ಶಿಸ್ತನ್ನು ಅವಲಂಬಿಸಿದೆ. ಹಳೆಯ ಪ್ರಶ್ನೆಪತ್ರಿಕೆಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೋಚಿಂಗ್ ಮುಖ್ಯವಾಗಿ ಕೊಡುವುದು ವಾರವಾರದ ಪರೀಕ್ಷೆ ಮತ್ತು ಸಹಪಾಠಿಗಳ ಒತ್ತಡ. ಆ ಒತ್ತಡ ಕೆಲವರನ್ನು ಎಬ್ಬಿಸುತ್ತದೆ, ಕೆಲವರನ್ನು ಕುಗ್ಗಿಸುತ್ತದೆ. ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸು ಸಿಗುತ್ತದೆಂಬುದನ್ನು ಬರಹದಲ್ಲಿ ಪಡೆಯಿರಿ.

5. ಅರ್ಜಿ ಮತ್ತು ಪರೀಕ್ಷೆಯ ದಿನ

ನೀಟ್ ಅರ್ಜಿ ಸಾಮಾನ್ಯವಾಗಿ ಫೆಬ್ರುವರಿಯ ಹೊತ್ತಿಗೆ ತೆರೆಯುತ್ತದೆ, ಪರೀಕ್ಷೆ ಮೇ ಮೊದಲ ಭಾಗದಲ್ಲಿ. ಅದೇ ಕಾಲದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಸಿಇಟಿ ಅರ್ಜಿಯನ್ನೂ ತುಂಬಿ. ವೈದ್ಯಕೀಯವೊಂದೇ ಗುರಿ ಎನ್ನುವವರೂ ಇದನ್ನು ಬಿಡಬಾರದು: ರಾಜ್ಯದ ಸೀಟು ಹಂಚುವುದು ಇದೇ ಪ್ರಾಧಿಕಾರ, ಜೊತೆಗೆ ಪಶುವೈದ್ಯಕೀಯ, ಬಿಎಸ್‌ಸಿ ನರ್ಸಿಂಗ್‌ನಂಥ ದಾರಿಗಳೂ ಸಿಇಟಿಯಿಂದ ತೆರೆದಿರುತ್ತವೆ. ಅರ್ಜಿಗೆ ಕೊಡುವ ಮೊಬೈಲ್ ಸಂಖ್ಯೆ ಮನೆಯದ್ದೇ ಆಗಿರಲಿ. ಸೈಬರ್ ಅಂಗಡಿಯವರ ಸಂಖ್ಯೆ ಕೊಟ್ಟರೆ ಮುಂದೆ ಒಟಿಪಿಗಾಗಿ ಅವರ ಬಾಗಿಲು ಕಾಯಬೇಕಾಗುತ್ತದೆ.

ಕೇಂದ್ರ ಬೇರೆ ಊರಿನಲ್ಲಿ ಬಂದರೆ ಹಿಂದಿನ ದಿನವೇ ಹೋಗಿ ತಂಗಿ. ದೇವಿಮನೆ ಅಥವಾ ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಎರಡು ವರ್ಷದ ಓದು ರಸ್ತೆಯಲ್ಲೇ ಉಳಿಯುತ್ತದೆ. ಪರೀಕ್ಷೆ ಮಧ್ಯಾಹ್ನ 2ಕ್ಕೆ, ಗೇಟು ಮುಚ್ಚುವುದು 1.30ಕ್ಕೆ. ತುಂಬುತೋಳಿನ ಬಟ್ಟೆ, ಶೂ, ಕೈಗಡಿಯಾರ ಬೇಡ. ಪೆನ್ನು ಅಲ್ಲೇ ಕೊಡುತ್ತಾರೆ.

6. ರ‍್ಯಾಂಕ್ ಬಂದ ಮೇಲೆ: ಕೌನ್ಸೆಲಿಂಗ್

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಸಾಮಾನ್ಯ ವರ್ಗಕ್ಕೆ ನೀಟ್ ಅರ್ಹತೆ 50 ಪರ್ಸೆಂಟೈಲ್ ಎಂದರೆ 720ರಲ್ಲಿ 360 ಅಂಕ ಎಂದಲ್ಲ. ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲಿದ್ದೀರಿ ಎಂದಷ್ಟೇ. ‘ಕ್ವಾಲಿಫೈ’ ಆಗುವುದು ಕೌನ್ಸೆಲಿಂಗ್‌ಗೆ, ಅಂದರೆ ರ‍್ಯಾಂಕಿನ ಪ್ರಕಾರ ಸೀಟು ಹಂಚುವ ಪ್ರಕ್ರಿಯೆಗೆ, ಪ್ರವೇಶ. ಸರ್ಕಾರಿ ಸೀಟಿನ ರ‍್ಯಾಂಕ್ ಅದಕ್ಕಿಂತ ಬಹಳ ಮೇಲಿರುತ್ತದೆ.

ಸರ್ಕಾರಿ ಕಾಲೇಜುಗಳ ಶೇಕಡಾ 15 ಸೀಟುಗಳನ್ನು ಅಖಿಲ ಭಾರತ ಕೋಟಾದಡಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ, ಉಳಿದ 85ನ್ನು ಕೆಇಎ. ಎರಡಕ್ಕೂ ಪ್ರತ್ಯೇಕವಾಗಿ ನೋಂದಾಯಿಸಬೇಕು. 2016ರಲ್ಲಿ ಆರಂಭವಾದ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಮ್ಮ ಕ್ರಿಮ್ಸ್, 150 ಸೀಟುಗಳದ್ದು. ಜಿಲ್ಲೆಯ ಕಾಲೇಜೆಂದು ಜಿಲ್ಲೆಯವರಿಗೆ ಅಲ್ಲಿ ವಿಶೇಷ ಕೋಟಾ ಇದೆ ಎಂದು ಅನೇಕರು ನಂಬಿದ್ದಾರೆ, ಹಾಗೇನೂ ಇಲ್ಲ. ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಸ್ಥಳೀಯರ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ.

ಆಪ್ಷನ್ ಎಂಟ್ರಿ ಎಂದರೆ ನಿಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವುದು. ನಿಮ್ಮ ಪಟ್ಟಿಯಲ್ಲಿ ಮೇಲಿನದು ಸಿಗದಿದ್ದರೆ ಮಾತ್ರ ಕೆಳಗಿನದನ್ನು ನೋಡಲಾಗುತ್ತದೆ. ಆದ್ದರಿಂದ ‘ಇದು ಸಿಗಲಾರದು’ ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ಹಾಕುವುದರಿಂದ ಲಾಭವಿಲ್ಲ. ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಮತ್ತು ಇತರೆ ಸೀಟು ಎಂಬ ವಿಂಗಡಣೆಯಿದ್ದು, ಶುಲ್ಕದ ಅಂತರ ಬಹಳ ದೊಡ್ಡದು. ಕಾಲೇಜಿನ ಹೆಸರೊಂದನ್ನೇ ನೋಡಿ ದುಬಾರಿ ವಿಧದ ಸೀಟನ್ನು ಪಟ್ಟಿಗೆ ಸೇರಿಸಿ, ಅದು ಹಂಚಿಕೆಯಾದ ಮೇಲೆ ಕಟ್ಟಲಾಗದೆ ಬಿಟ್ಟು, ಠೇವಣಿಯನ್ನೂ ಮುಂದಿನ ಅವಕಾಶವನ್ನೂ ಕಳೆದುಕೊಳ್ಳುವುದು ಪ್ರತಿ ವರ್ಷದ ಕಥೆ. ಕೊನೆಯ ಸುತ್ತುಗಳಲ್ಲಿ ಸಿಕ್ಕ ಸೀಟು ಬಿಟ್ಟರೆ ದಂಡನೆಯ ನಿಯಮಗಳು ಕಠಿಣವಾಗಿರುತ್ತವೆ. ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಇದು ಸಿಕ್ಕರೆ ನಾಳೆಯೇ ಹಣ ಕಟ್ಟಿ ಸೇರುತ್ತೇವೆಯೇ? ಇಲ್ಲವಾದರೆ ಆ ಆಪ್ಷನ್ ಬೇಡ. ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂಬ ಚರ್ಚೆ ಮನೆಯಲ್ಲಿ ಬಿಸಿಯೇರಿದಾಗ ಮೊದಲ ಹಂತದ ಪುಟ ತೆಗೆದು ಓದಿ. ಜಿಲ್ಲೆಯಲ್ಲೇ ಕೆಲಸ ಮಾಡಬೇಕೆಂದು ಬರೆದವರಿಗೆ ಕಾರವಾರವನ್ನು ದೂರದ ಖಾಸಗಿ ಕಾಲೇಜಿಗಿಂತ ಕೆಳಗಿಡಲು ಕಾರಣ ಉಳಿಯುವುದಿಲ್ಲ.

ಕೌನ್ಸೆಲಿಂಗ್ ನಡೆಯುವುದು ನಡುಮಳೆಗಾಲದಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇಲ್ಲದ ಊರುಗಳಲ್ಲಿರುವವರು ಕೊನೆಯ ದಿನದ ರಾತ್ರಿಗೆ ಯಾವುದನ್ನೂ ಉಳಿಸಿಕೊಳ್ಳದೆ, ಆ ವಾರಗಳಲ್ಲಿ ಪೇಟೆಯ ನೆಂಟರ ಮನೆಯಲ್ಲಿದ್ದರೆ ಒಳಿತು. ದಾಖಲೆಗಳ ಸ್ಕ್ಯಾನ್ ಪ್ರತಿ ಫೋನಿನಲ್ಲೂ ಪೆನ್‌ಡ್ರೈವ್‌ನಲ್ಲೂ ಇರಲಿ.

7. ಸೀಟು ಸಿಗದಿದ್ದರೆ

ಬರೆದಿಟ್ಟ ಪುಟವನ್ನು ಮತ್ತೆ ತೆಗೆಯಿರಿ. ಅಲ್ಲಿರುವುದು ರೋಗಿಯೊಡನೆ ಕೆಲಸ ಮಾಡುವ ಆಸೆಯಾದರೆ ನರ್ಸಿಂಗ್, ಫಿಸಿಯೋಥೆರಪಿ, ದಂತವೈದ್ಯಕೀಯ, ಆಯುರ್ವೇದ ಇವೆಲ್ಲ ನಿಜವಾದ ದಾರಿಗಳು. ‘ಎಂಬಿಬಿಎಸ್ ಸಿಗದವರು’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಹೋಗಬೇಕಾದವಲ್ಲ. ದಂತವೈದ್ಯಕೀಯದ ಬಿಡಿಎಸ್, ಆಯುರ್ವೇದದ ಬಿಎಎಂಎಸ್, ಹೋಮಿಯೋಪಥಿಯ ಬಿಎಚ್‌ಎಂಎಸ್‌ಗಳಿಗೂ ನೀಟ್ ಅಂಕವೇ ಬೇಕು.

ಮತ್ತೊಂದು ವರ್ಷ ಕೂತು ಬರೆಯುವುದಾದರೆ, ಅಂದರೆ ‘ಲಾಂಗ್ ಟರ್ಮ್’ ಎಂದು ಕರೆಯುವ ದಾರಿ ಹಿಡಿಯುವುದಾದರೆ, ಮೊದಲ ಸಲ ಅಂಕ ಎಲ್ಲಿ ಹೋಯಿತೆಂದು ಪ್ರಶ್ನೆಪತ್ರಿಕೆಯ ಮೇಲೆಯೇ ಗುರುತಿಸಬಲ್ಲವರು ಮಾತ್ರ ಕೂರಬೇಕು. ಭೌತಶಾಸ್ತ್ರದ ಇಂಥ ಅಧ್ಯಾಯ, ಇಂಥ ತಪ್ಪು ಎಂದು ಹೇಳಲು ಬರುವವರಿಗೆ ಒಂದು ವರ್ಷ ಸಾಕಾಗುತ್ತದೆ. ‘ಈ ಸಲ ಚೆನ್ನಾಗಿ ಓದುತ್ತೇನೆ’ ಎಂಬುದು ಯೋಜನೆಯಲ್ಲ. ಮೂರನೇ ಸಲಕ್ಕೆ ಹೋಗುವ ಮೊದಲು ಯಾವುದಾದರೂ ಪದವಿಗೆ ಸೇರಿ ಜೊತೆಯಲ್ಲಿ ಬರೆಯುವುದು ಹೆಚ್ಚು ಸುರಕ್ಷಿತ ಎಂಬುದು ನನ್ನ ನಿಲುವು. ಈ ಅವಧಿಯಲ್ಲಿ ಮಗು ಮಾತು ಕಡಿಮೆ ಮಾಡಿದರೆ, ನಿದ್ದೆ, ಊಟ ತಪ್ಪಿದರೆ, ಪಾಲಕರು ಅಂಕದ ಮಾತು ಬಿಟ್ಟು ವೈದ್ಯರ ಅಥವಾ ಆಪ್ತಸಮಾಲೋಚಕರ ಬಳಿ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ವಿದೇಶಕ್ಕೆ ಕಳಿಸುವ ಏಜೆಂಟರು ಬಂದರೆ ನಿಯಮ ಕೇಳಿ. ಹೊರದೇಶದಲ್ಲಿ ಓದಲೂ ನೀಟ್ ಅರ್ಹತೆ ಬೇಕು. 2021ರ ನಿಯಮಗಳ ಪ್ರಕಾರ ಕೋರ್ಸು ಒಂದೇ ಸಂಸ್ಥೆಯಲ್ಲಿ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದ್ದಾಗಿರಬೇಕು, ಅಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು; ಮರಳಿದ ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆ ಪಾಸು ಮಾಡಿ, ಮತ್ತೆ 12 ತಿಂಗಳು ಇಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ‘ನೀಟ್ ಇಲ್ಲದೆ ಸೀಟು’ ಎಂದವರ ಜೊತೆ ಮಾತು ಮುಂದುವರಿಸಬೇಡಿ.

8. ಸೀಟು ಸಿಕ್ಕ ಮೇಲಿನ ಮೊದಲ ತಿಂಗಳುಗಳು

ಮೊದಲ ವರ್ಷದ ಮುಖ್ಯ ವಿಷಯಗಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಅಂದರೆ ದೇಹದ ರಚನೆ, ಅದರ ಕಾರ್ಯ, ಅದರೊಳಗಿನ ರಸಾಯನ. ಆರಂಭದ ಫೌಂಡೇಶನ್ ಕೋರ್ಸ್ ಅನ್ನು ಕೆಲವರು ರಜೆಯೆಂದು ಭಾವಿಸುತ್ತಾರೆ; ಇಂಗ್ಲಿಷ್ ಪುಸ್ತಕಗಳ ವೇಗಕ್ಕೆ ಹೊಂದಿಕೊಳ್ಳಲು ಕನ್ನಡ ಮಾಧ್ಯಮದವರಿಗೆ ಸಿಗುವ ಸಮಯ ಅದೊಂದೇ. ಕುಟುಂಬ ದತ್ತು ಕಾರ್ಯಕ್ರಮದಡಿ ಹಳ್ಳಿಯ ಕೆಲವು ಮನೆಗಳ ಆರೋಗ್ಯವನ್ನು ವಿದ್ಯಾರ್ಥಿ ಮೊದಲ ವರ್ಷದಿಂದಲೇ ಗಮನಿಸಬೇಕಾಗುತ್ತದೆ. ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅಲ್ಲಿ ಮಾತು ತಡವರಿಸುವುದಿಲ್ಲ.

ಪದವಿಯ ನಂತರದ ಸರ್ಕಾರಿ ಸೇವೆಯ ಬಗ್ಗೆ ಕರ್ನಾಟಕದಲ್ಲಿ 2012ರ ಕಾಯ್ದೆಯಿದೆ, ಅದಕ್ಕೆ ಮುಂದೆ ತಿದ್ದುಪಡಿಯೂ ಆಗಿದೆ. ಪ್ರವೇಶದ ವೇಳೆ ಸಹಿ ಹಾಕುವ ಬಾಂಡ್‌ನಲ್ಲಿ ಅವಧಿ, ದಂಡದ ಮೊತ್ತ ಎರಡನ್ನೂ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ.

ಮೊದಲ ವರ್ಷದ ಪರೀಕ್ಷೆಗೆ ಗರಿಷ್ಠ ನಾಲ್ಕು ಪ್ರಯತ್ನ, ಇಡೀ ಕೋರ್ಸಿಗೆ ಗರಿಷ್ಠ 9 ವರ್ಷ ಎಂಬ ಮಿತಿಯಿದೆ. ಪಿಯುವಿನಲ್ಲಿ ತರಗತಿಗೇ ಮೊದಲಿಗರಾಗಿದ್ದವರು ಇಲ್ಲಿ ಮೊದಲ ಆಂತರಿಕ ಪರೀಕ್ಷೆಯಲ್ಲಿ ನಪಾಸಾಗುವುದು ಅಪರೂಪವೇನಲ್ಲ. ಹಾಗಾದಾಗ ಮನೆಗೆ ಮುಚ್ಚಿಡದೆ, ಆ ವಾರವೇ ಆ ವಿಭಾಗದ ಪ್ರಾಧ್ಯಾಪಕರನ್ನು ಕಂಡು ಉತ್ತರಪತ್ರಿಕೆಯಲ್ಲಿ ಎಲ್ಲಿ ತಪ್ಪಿತೆಂದು ಕೇಳಿ ತಿಳಿದುಕೊಳ್ಳಬೇಕು.